ಅದಕ್ಕೆ ಸೇರಿದ ಸದ್ದು

ನವೆಂಬರ್ 9, ಶನಿವಾರ

ಸೈಕಲ್ ಗಾಡಿಯ ಮೋಟರು ಸದ್ದು ಮಾಡುತ್ತಿದೆ. ತುಳಿದಾಗ ಮಾತ್ರ. ತುಳಿಯುವುದನ್ನು ಬಿಟ್ಟು ಗಾಡಿಯನ್ನು ಅದರ ಪಾಡಿಗೆ ಉರುಳಗೊಟ್ಟರೆ ಸದ್ದಿಲ್ಲ. ಹೀಗಾಗಿ ಗಾಲಿಗಳನ್ನು ಅನುಮಾನದಿಂದ ಬಿಡುಗಡೆ ಮಾಡಿದ್ದೇನೆ. ಪ್ರಾಂತ್ಯದ ದಫ್ತರಖಾನೆಯಲ್ಲಿ ಹಳೆಯ ಕಾಗದಪತ್ರ ಕಾಯುತ್ತ ಆಯುಷ್ಯ ಕಳೆದವನಿಗೆ ಸಾಕ್ಷಿಗಳನ್ನು ಒಂದೊಂದಾಗಿ ವಿಚಾರಿಸುವುದು ಹೊಸದಲ್ಲ.

ಈ ಗಾಡಿಯಿಂದ ನಾನು ಬಯಸಿದ್ದು ಒಂದೇ ಕೆಲಸ. ಮುಂದಿನ ಹಲಗೆಯ ಮೇಲೆ ನನ್ನ ಹೆಂಡತಿ ಸ್ವಾಂತ್ಯೆಯ ಗಾಲಿಕುರ್ಚಿಯನ್ನು ಹತ್ತಿಸಿ ಕೊಂಡಿ ಹಾಕಬೇಕು, ಹಿಂದೆ ನಾನು ಕೂತು ತುಳಿಯಬೇಕು, ಮೋಟರು ಕೈಜೋಡಿಸಬೇಕು, ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅವಳು ಲುಟ್ಟರ್‌ಸೈಲ್ ಊರಿನ ಡಾಮ್ ಎಂಬ ಹಲಗೆಯಾಟದ ಕ್ಲಬ್ಬಿನಲ್ಲಿ ಕಾಯಿಗಳ ಮುಂದೆ ಕೂತಿರಬೇಕು. ಊರಿಗೆ ಬರುತ್ತಿದ್ದ ಬಸ್ಸನ್ನು ಕಿತ್ತುಕೊಂಡರು. ಗಾಲಿಕುರ್ಚಿಯ ಟ್ಯಾಕ್ಸಿಯನ್ನು ಮೂರು ದಿನ ಮುಂಚೆ ಕರೆಯಬೇಕು. ಒಮ್ಮೆ ಅದು ಬಂದದ್ದು ಆಟ ಮುಗಿಯುವ ಹೊತ್ತಿಗೆ. ಚಾಲಕ ನಗುನಗುತ್ತ ‘ಹೊರಡೋಣ್ವಾ?’ ಅಂದ. ನನಗೆ ಇವೆಲ್ಲ ನೆನಪಿವೆ. ನೆನಪಿಟ್ಟುಕೊಳ್ಳುವವರು ಕಡಿಮೆಯಾದದ್ದರಿಂದಲೇ ಈ ದೇಶದಲ್ಲಿ ಹೀಗೆಲ್ಲ ನಡೆಯುತ್ತದೆ.

ಸಕ್ಕರೆ ಬೀಟ್ ಗೆಡ್ಡೆ ಕೀಳುವ ಕಾಲ. ಟ್ರ್ಯಾಕ್ಟರುಗಳು ಹೊಲದ ಜೇಡಿಮಣ್ಣನ್ನೆಲ್ಲ ರಸ್ತೆಗೆ ಉದುರಿಸಿಕೊಂಡು ಓಡಾಡುತ್ತಿವೆ. ನಮ್ಮ ಜೇಡಿ ಒಣಗಿದರೆ ಕಲ್ಲು. ಸಂಜೆ ಒತ್ತಡದ ಪಂಪು ಹಚ್ಚಿ, ಎಲ್ಲ ಶನಿವಾರಗಳಂತೆ, ಗಾಡಿಯ ಒಂದು ಸಂದನ್ನೂ ಬಿಡದೆ ತೊಳೆದೆ. ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡ ಗಾಡಿ ಇಡೀ ಗ್ರೋನಿಂಗೆನ್ ಪ್ರಾಂತ್ಯದಲ್ಲಿ ಇನ್ನೊಂದು ಇರಲಾರದು. ಆದರೂ ಸದ್ದು.

ನವೆಂಬರ್ 12, ಮಂಗಳವಾರ

ದಾರಿಯುದ್ದಕ್ಕೂ ಮೋಟರು ಕಾಫಿ ಬೀಜ ಅರೆಯುವ ಗಿರಣಿಯ ಹಾಗೆ. ಬ್ಯಾಟರಿಯನ್ನು ಆರಿಸಿ ತುಳಿದು ನೋಡಿದೆ. ಸದ್ದು ತಗ್ಗಿತು, ಹೋಗಲಿಲ್ಲ. ಅಂದರೆ ದೋಷ ವಿದ್ಯುತ್ತಿನದಲ್ಲ, ಮೋಟರಿನ ಒಡಲಲ್ಲಿ ತಿರುಗುವ ಯಾವುದೋ ವಸ್ತುವಿನದು. ಈ ತರ್ಕವನ್ನು ಸ್ವಾಂತ್ಯೆಗೆ ವಿವರಿಸುತ್ತಿದ್ದೆ. ಅವಳೂ ಮುಂದೆ ಕೂತು ಏನೋ ಹೇಳುತ್ತಿದ್ದಳು. ಸದ್ದಿನಲ್ಲಿ ಕೇಳಿಸಲಿಲ್ಲ.

ಅವಳು ಗೆದ್ದಳಂತೆ. ನಾನು ಎದುರಿನ ಕಾಫಿ ಅಂಗಡಿಯಲ್ಲಿ ಕೂತು ಗಾಡಿ ಮಾಡಿದ ಕಂಪನಿಗೆ ಮೊದಲ ಕಾಗದದ ಕರಡು ಬರೆದೆ. ಒಳ್ಳೆಯ ಕರಡು.

ನವೆಂಬರ್ 13, ಬುಧವಾರ

ಕಂಪನಿಗೆ ಫೋನು ಮಾಡಿದೆ. ಒಬ್ಬ ಯುವಕ, ದನಿಯಲ್ಲಿ ಬೆಣ್ಣೆ.

“ಸಾರ್, ಆ ಸದ್ದು ಅದಕ್ಕೆ ಸೇರಿದ್ದೇ.”

“ಹೋದ ವರ್ಷ ಇರಲಿಲ್ಲ.”

“ಕೆಲವರಿಗೆ ಬೇಗ ಕೇಳ್ಸತ್ತೆ ಸಾರ್, ಕೆಲವರಿಗೆ ತಡವಾಗಿ.”

ನಮ್ಮ ಭಾಷೆಯಲ್ಲಿ ‘ಹೋರೆನ್’ ಎಂದರೆ ಕೇಳಿಸುವುದು. ‘ಹೋರೆನ್’ ಎಂದರೆ ಸೇರಿರುವುದೂ ಹೌದು. ಒಂದೇ ಪದದಲ್ಲಿ ಎರಡನ್ನೂ ತುಂಬಿದ ಪೂರ್ವಜರನ್ನು ಏನೆನ್ನಬೇಕು? ಕೇಳಿಸುತ್ತಿದೆ ಅಂದವನಿಗೆ, ಅದು ಸೇರಿದ್ದೇ ಬಿಡಿ ಎಂದು ಅದೇ ಪದದಿಂದ ಬಾಯಿ ಮುಚ್ಚಿಸಬಹುದು.

ಈ ವಾಕ್ಯ ನಾನು ಮೊದಲ ಸಲ ಕೇಳುತ್ತಿರುವುದಲ್ಲ. ನೆಲದಡಿಯಿಂದ ಗ್ಯಾಸ್ ಹೀರುತ್ತಿದ್ದ ವರ್ಷಗಳಲ್ಲಿ ಅಪ್ಪನ ಮನೆಯ ಗೋಡೆ ಮೊದಲ ಸಲ ಸೀಳಿದಾಗ, ಕೋಟು ತೊಟ್ಟ ತಜ್ಞನೊಬ್ಬ ಬಂದು ಬಿರುಕಿನೊಳಗೆ ಬೆರಳಿಟ್ಟು, “ಹಳೇ ಮನೆ ಯಜಮಾನ್ರೇ, ಬಿರುಕು ಅದಕ್ಕೆ ಸೇರಿದ್ದೇ” ಅಂದಿದ್ದ. ಆಮೇಲೆ “ನೀವೇನಾದ್ರೂ ತೊಲೆ ಬದಲಾಯಿಸಿದ್ರಾ?” ಎಂದು ಕೇಳಿದ್ದ. ಪ್ರಾಮಾಣಿಕನಾದ ಅಪ್ಪ, ದನದ ಕೊಟ್ಟಿಗೆಯ ಕಡೆ ಒಂದು ತೊಲೆ ಬದಲಾಯಿಸಿದ್ದುಂಟು ಅಂದ. ಪರಿಹಾರದ ಮಾತು ಅಲ್ಲಿಗೆ ಮುಗಿಯಿತು. ಗ್ಯಾಸ್ ತೆಗೆದದ್ದರಿಂದಲೇ ನೆಲ ನಡುಗುತ್ತಿರುವುದು ನಿಜವೆಂದು ಅವರು ಒಪ್ಪುವ ಹೊತ್ತಿಗೆ ಅಪ್ಪ ಇರಲಿಲ್ಲ. ಇಂದಿಗೂ ನಮ್ಮ ಬೀದಿಯ ಅರ್ಧ ಮನೆಗಳು ಮರದ ಊರುಗೋಲು ಹಿಡಿದು ನಿಂತಿವೆ.

ಹಾಗಾಗಿ, ಬೆಣ್ಣೆಯ ಯುವಕನೇ, ನೀನು ತಪ್ಪು ಊರಿನವನನ್ನು ಎದುರು ಹಾಕಿಕೊಂಡಿದ್ದೀಯೆ.

ನವೆಂಬರ್ 16, ಶನಿವಾರ

ಚೈನು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿದೆ. ಪೆಡಲುಗಳನ್ನು ಕಳಚಿ ಗ್ರೀಸು ಹಚ್ಚಿ ಮತ್ತೆ ತಿರುಗಿಸಿದೆ. ಸೀಟಿನ ಕಂಬಕ್ಕೂ ಹಾಗೆಯೇ. ಮೋಟರನ್ನು ಚೌಕಟ್ಟಿಗೆ ಹಿಡಿದಿರುವ ಬೋಲ್ಟುಗಳಲ್ಲಿ ಒಂದು ಸಡಿಲವಿತ್ತು. ಬಿಗಿದೆ. ಕೊನೆಗೆ ಪಂಪಿನಿಂದ ಎಲ್ಲವನ್ನೂ ತೊಳೆದೆ.

ಸದ್ದು ಇದೆ. ಈಗ ನನ್ನ ಕಡೆಯಿಂದ ಏನೂ ಬಾಕಿಯಿಲ್ಲ. ದೋಷ ಅವರದೇ.

ನವೆಂಬರ್ 19, ಮಂಗಳವಾರ

ಸೇತುವೆಯ ಏರಿನಲ್ಲಿ ಮೋಟರು ಸತ್ತಿತು. ಎದುರಿನಿಂದ ನೈಋತ್ಯದ ಗಾಳಿ, ನನ್ನ ಮುಂದೆ ಹೆಂಡತಿ, ಕುರ್ಚಿ, ಬ್ಯಾಟರಿ, ಅದರ ಮೇಲೆ ನನ್ನ ಅರವತ್ತೊಂಬತ್ತು ವರ್ಷ. ಇಳಿದು ನಿಂತು, ಇಂಥ ವಸ್ತುವನ್ನು ಮಾರುವವರ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳತೊಡಗಿದೆ.

“ಎಲ್ಟ್ಯೋ, ತಳ್ತೀಯೋ ಭಾಷಣ ಮಾಡ್ತೀಯೋ?” ಅಂದಳು ಸ್ವಾಂತ್ಯೆ.

“ಎರಡೂ.”

“ಹಾಗಾದ್ರೆ ತಳ್ಳೋದನ್ನ ಮೊದಲು ಮಾಡು.”

ತಳ್ಳಿದೆ. ಸೇತುವೆ ಇಳಿದ ಮೇಲೆ ಮೋಟರು ತಾನಾಗಿ ಎಚ್ಚರಾಯಿತು, ಅರ್ಧ ಮೈಲಿ ಹೋಗಿ ಮತ್ತೆ ಸತ್ತಿತು. ನಾವು ಮುಟ್ಟುವ ಹೊತ್ತಿಗೆ ಆಟದ ಗಡಿಯಾರದಲ್ಲಿ ಅವಳ ಸಮಯ ತೀರಿತ್ತು. ಬಂದಿಲ್ಲವೆಂದು ಬರೆದುಬಿಟ್ಟಿದ್ದರು. ಇನ್ನೊಂದು ಸಲ ಹೀಗಾದರೆ ಅವಳು ಈ ಋತುವಿನ ಪಂದ್ಯದಿಂದಲೇ ಹೊರಗೆ.

ಬೀಟ್ ಬೆಳೆಯುವ ಬೆರೆಂಡ್ ಕಾಫಿ ಹಿಡಿದು ಬಾಗಿಲಲ್ಲೇ ನಿಂತು ನಮ್ಮ ಕಡೆಯ ನಮಸ್ಕಾರ ಹೇಳಿದ. “ಮೋಯ್, ಸ್ವಾಂತ್ಯೆ. ನೀನು ಮನೆ ಬಿಟ್ಟಾಗ್ಲೇ ಗಾಡಿ ಸದ್ದು ಇಲ್ಲಿಗೆ ಕೇಳ್ತಿತ್ತು. ಆಮೇಲೆ ನಿಂತೋಯ್ತು. ಯಾರೋ ಬೀಟ್ ಕೀಳೋ ಯಂತ್ರ ಕೆಡಿಸ್ಕೊಂಡ್ರು ಅಂದ್ಕೊಂಡೆ.”

“ನಗು, ನಗು. ಹದಿನೇಳನೇ ತಾರೀಕು ನಿನ್ನೆದುರು ಕೂತಾಗ ನಗೋಕೆ ಹಲ್ಲಿರಲ್ಲ.”

ಡಿಸೆಂಬರ್ ಹದಿನೇಳು ಕೊನೆಯ ಸುತ್ತು. ಅಲ್ಲಿ ಗೆದ್ದವರಿಗೆ ಕ್ಲಬ್ಬಿನ ಮೊದಲ ಹಲಗೆ. ಪ್ರಾಂತ್ಯದ ಪಂದ್ಯಗಳಲ್ಲಿ ಅವರು ಎಲ್ಲರಿಗಿಂತ ಮುಂದೆ ಕೂರುತ್ತಾರೆ. ಕಾಲುಗಳು ಮಾತು ಕೇಳುವುದನ್ನು ಬಿಡುವವರೆಗೆ ಅದು ಸ್ವಾಂತ್ಯೆಯ ಜಾಗವಾಗಿತ್ತು. ಆ ವರ್ಷ ಅವಳು ಆಸ್ಪತ್ರೆಯಲ್ಲಿದ್ದಾಗ ಬೆರೆಂಡ್ ಬಂದು ಕೂತ, ಮತ್ತೆ ಏಳಲಿಲ್ಲ. ಅವಳು ಅದರ ಬಗ್ಗೆ ಮಾತಾಡುವುದಿಲ್ಲ. ಊಟದ ಮೇಜಿನ ಮೇಲೆ ಹಲಗೆ ಹರಡಿಕೊಂಡಿರುತ್ತಾಳೆ, ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ.

ರಾಜಧಾನಿಯ ಬಳಕೆದಾರರ ಸಂಘಕ್ಕೆ, ಕಂಪನಿಗೆ, ಪತ್ರಿಕೆಗೆ, ಮೂರು ಕಾಗದ ಬರೆದೆ. ತಜ್ಞನೊಬ್ಬ ನನ್ನ ಮನೆಗೆ ಬಂದು ನನ್ನ ಕಣ್ಣ ಮುಂದೆ ಪರೀಕ್ಷಿಸಬೇಕು. ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ.

ನವೆಂಬರ್ 23, ಶನಿವಾರ

ಹಳೆಯ ಕಮ್ಮಾರಸಾಲೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ರೆನ್ಸ್ಕೆ ಮನೆಗೇ ಬಂದಳು. ಬಾಯಿ ಜೋರಿನ ಹೆಂಗಸು. ಮುಂದಿನ ಹಲ್ಲಿನ ಚಕ್ರ ಸವೆದಿದೆ ಎಂದು ಘಂಟಾಘೋಷವಾಗಿ ಹೇಳಿ, ಹೊಸದು ಹಾಕಿ, ಓಡಿಸಿದಳು. ಸದ್ದು ಹಾಗೇ ಇತ್ತು.

“ಹಂ,” ಅಂದಳು. “ಆದ್ರೂ ಅದು ಸವೆದಿತ್ತು.”

ಅಷ್ಟರಲ್ಲಿ ಸ್ವಾಂತ್ಯೆ ತನ್ನ ಕುರ್ಚಿಯನ್ನು ಹಿಂದಿನ ಗಾಲಿಯ ಹತ್ತಿರ ಉರುಳಿಸಿಕೊಂಡು ಬಂದಿದ್ದಳು. ಕುರ್ಚಿಯಲ್ಲಿ ಕೂತವರ ಕಣ್ಣು ಗಾಲಿಯ ಮಟ್ಟದಲ್ಲೇ ಇರುತ್ತದೆ.

“ಈ ಕಡ್ಡಿ ಮೇಲಿರೋ ಕರೀ ಗುಂಡಿ ಹೀಗೆ ಸೊಟ್ಟಗಿರ್ಬೇಕಾ? ಮಂಗಳವಾರದಿಂದ ಕೇಳ್ತಿದೀನಿ.”

ಅದು ವೇಗ ಅಳೆಯುವ ಅಯಸ್ಕಾಂತ. ಜಾರಿ, ತಿರುಗಿ ನಿಂತಿತ್ತು. ಅದು ತನ್ನ ಎದುರಿನ ಸಂವೇದಕದ ಕಣ್ಣಿಗೆ ಕಾಣದಿದ್ದರೆ, ಗಾಲಿ ತಿರುಗುತ್ತಿಲ್ಲವೆಂದು ಮೋಟರು ತಿಳಿದು ನಿಂತುಬಿಡುತ್ತದಂತೆ. ರೆನ್ಸ್ಕೆ ಅದನ್ನು ಸರಿಯಾದ ಜಾಗಕ್ಕೆ ತಿರುಗಿಸಿ ಬಿಗಿದಳು. ಸಾಯುವ ಕಾಯಿಲೆ ಹೋಯಿತು. ಸದ್ದಿನ ಕಾಯಿಲೆ ಉಳಿಯಿತು.

“ಇದು ಹೆಂಗೆ ಜಾರ್ತು? ಯಾರೋ ಗುದ್ದಿದ ಹಂಗಿದೆ,” ಅಂದಳು ರೆನ್ಸ್ಕೆ.

ಕಾರ್ಖಾನೆಯಲ್ಲೇ ಸರಿಯಾಗಿ ಬಿಗಿದಿರಲಿಕ್ಕಿಲ್ಲ. ಅದನ್ನೂ ಕಾಗದದಲ್ಲಿ ಸೇರಿಸಿದೆ.

ಸ್ವಾಂತ್ಯೆ ಮಂಗಳವಾರದಿಂದ ಕೇಳುತ್ತಿದ್ದದ್ದು ನನಗೇಕೆ ಕೇಳಿಸಲಿಲ್ಲವೋ. ಆ ಮೋಟರಿನ ಸದ್ದೇ ಹಾಗೆ.

ನವೆಂಬರ್ 30, ಶನಿವಾರ

ಮಂಗಳವಾರ ಹೋಗಿ ಬಂದೆವು, ಗಾಡಿ ನಿಲ್ಲಲಿಲ್ಲ. ಸದ್ದು ಮಾತ್ರ ಕೊಬ್ಬುತ್ತಿದೆ. ಇವತ್ತು ಗಾಡಿಯನ್ನು ರೆನ್ಸ್ಕೆಯ ಅಂಗಡಿಗೆ ಒಯ್ದೆವು. ಅವಳು ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿಯನ್ನು ಮೋಟರಿಗೂ ಇನ್ನೊಂದನ್ನು ಕಿವಿಗೂ ಒತ್ತಿ ಪೆಡಲನ್ನು ತಿರುಗಿಸಿದಳು.

“ಬಲಗಡೆ ಬೇರಿಂಗು. ಮರಳು ತಿಂದ ಹಂಗೆ ಕೂಗ್ತಿದೆ.” ಆಮೇಲೆ ಗಾಡಿಯನ್ನು ಓರೆ ಮಾಡಿದಳು. ತಂತಿ ಹೋಗುವ ತೂತಿನಿಂದ ಕಂದು ಬಣ್ಣದ ನೀರು ಒಂದೆರಡು ತೊಟ್ಟು ನೆಲಕ್ಕೆ ಬಿತ್ತು.

ಅವಳು ಆ ಹನಿಯನ್ನು ನೋಡಿದಳು, ನನ್ನನ್ನು ನೋಡಿದಳು. “ದಫ್ತರದ ಸಾಹೇಬ್ರೇ, ಇದಕ್ಕೆ ಪಂಪಲ್ಲಿ ನೀರು ಹೊಡೀತೀರಾ?”

“ಇಲ್ಲ. ಬಕೀಟು, ಬಟ್ಟೆ.”

“ಖಂಡಿತ?”

“ಖಂಡಿತ.”

“ಹಂಗಾದ್ರೆ ನೀರು ತಡೆಯೋ ಸೀಲು ಹುಟ್ಟಾ ಕೆಟ್ಟದ್ದು. ನಾನು ಮುಟ್ಟಲ್ಲ. ನಾನು ಬಿಚ್ಚಿದ್ರೆ ನಿಮ್ಮ ದೂರು ಅಲ್ಲೇ ಸತ್ತೋಗತ್ತೆ. ಮುಚ್ಚಿದ್ದು ಮುಚ್ಚಿದ ಹಂಗೇ ಕಂಪನಿಗೆ ಕಳ್ಸಿ. ಆರು ವಾರ ಆಗತ್ತೆ, ಹೊಸ ಮೋಟರು ಬರತ್ತೆ. ನೀರು ಹೊಡೆದಿದ್ರೆ ಮಾತು ಬೇರೆ. ಅವ್ರು ಹೆಂಗೂ ಕೊಡಲ್ಲ, ನಾನೇ ಇಲ್ಲಿ ಬಿಚ್ಚಿ ಬೇರಿಂಗು ಸೀಲು ಎರಡೂ ಹಾಕ್ಕೊಡ್ತಿದ್ದೆ.”

“ಹಾಗೇ ಓಡಿಸಿದ್ರೆ?” ಕೇಳಿದವಳು ಸ್ವಾಂತ್ಯೆ.

“ಇವತ್ತು ಹಿಡ್ಕೊಳ್ಳತ್ತೋ, ಹೊಸ ವರ್ಷಕ್ಕೆ ಹಿಡ್ಕೊಳ್ಳತ್ತೋ, ನಾನು ಹೇಳಲಾರೆ. ಹಿಡ್ಕೊಂಡಾಗ ಪೆಡಲು ತಿರುಗಲ್ಲ, ಅಷ್ಟೇ.”

ವಾಪಸ್ಸು ಬರುವಾಗ ಸ್ವಾಂತ್ಯೆ ಒಂದು ಮಾತೂ ಆಡಲಿಲ್ಲ. ಅಥವಾ ಆಡಿದ್ದು ಕೇಳಿಸಲಿಲ್ಲ.

ನಾನು ಹೇಳಿದ್ದು ಸರಿಯೇ. ‘ತೊಲೆ ಬದಲಾಯಿಸಿದ್ರಾ’ ಎಂಬ ಪ್ರಶ್ನೆ ಇದು. ಹೌದೆಂದ ಕ್ಷಣ ಎಲ್ಲ ತಪ್ಪೂ ಉತ್ತರ ಕೊಟ್ಟವನದೇ ಆಗುತ್ತದೆ. ಅಪ್ಪ ಕಲಿಸದೇ ಹೋದ ಪಾಠ ಇದು, ನಾನು ಕಲಿತಿದ್ದೇನೆ. ರೆನ್ಸ್ಕೆ ಒಳ್ಳೆಯವಳೇ. ಆದರೆ ಮಾತು ಊರೆಲ್ಲ ಹರಿಯುತ್ತದೆ. ಅಷ್ಟಕ್ಕೂ ಮಳೆಯ ದೇಶದಲ್ಲಿ ಮಾರುವ ಮೋಟರು ನೀರು ತಡೆಯಬಾರದೇ?

ಇವತ್ತು ಗಾಡಿ ತೊಳೆಯಲಿಲ್ಲ. ಕತ್ತಲಾಗಿತ್ತು.

ಡಿಸೆಂಬರ್ 3, ಮಂಗಳವಾರ

ಹೋದೆವು, ಬಂದೆವು. ಪ್ರತಿ ಸುತ್ತಿಗೂ ಪೆಡಲಿನಡಿ ಏನೋ ಒಡೆಯುತ್ತಿರುವ ಹಾಗೆ. ಅವಳು ಆಟವನ್ನು ಸಮ ಮಾಡಿಕೊಂಡಳು. ಗೆಲ್ಲುವ ಆಟವಾಗಿತ್ತಂತೆ. ದಾರಿಯಲ್ಲೆಲ್ಲ ಗಾಡಿ ಯಾವಾಗ ಹಿಡಿದುಕೊಳ್ಳುತ್ತದೋ ಎಂದು ಕಿವಿಗೊಟ್ಟು ಕೂತಿದ್ದರಿಂದ ತಲೆ ಆಟದಲ್ಲಿ ನಿಲ್ಲಲಿಲ್ಲ ಅಂದಳು. ದೂರುವ ದನಿಯಲ್ಲಿ ಅಲ್ಲ. ಸುಮ್ಮನೆ ಅಂದಳು.

ಕಂಪನಿಯಿಂದ ಉತ್ತರವಿಲ್ಲ.

ಡಿಸೆಂಬರ್ 5, ಗುರುವಾರ

ಸಂತ ನಿಕೊಲಾಸನ ಸಂಜೆ. ಮಕ್ಕಳಿಲ್ಲದ ಮನೆಯಲ್ಲೂ ನಾವಿಬ್ಬರು ಇದನ್ನು ಬಿಟ್ಟಿಲ್ಲ: ಒಬ್ಬರಿಗೊಬ್ಬರು ಉಡುಗೊರೆ, ಜೊತೆಗೆ ಸಂತನ ಹೆಸರಲ್ಲಿ ಬರೆದ ಕೀಟಲೆಯ ಪದ್ಯ. ಯಾರಿಗೆ ಬರೆದದ್ದೋ ಅವರೇ ಗಟ್ಟಿಯಾಗಿ ಓದಬೇಕು. ಸಂತ ಹೇಳಿದ್ದಕ್ಕೆ ಯಾರೂ ಸಿಟ್ಟಾಗುವಂತಿಲ್ಲ. ವರ್ಷವಿಡೀ ಬಾಯಿಗೆ ಬಾರದ ಮಾತು ಇವತ್ತು ಹೊರಬೀಳುತ್ತದೆ.

ನಾನು ಅವಳಿಗೆ ಉಣ್ಣೆಯ ಕೈಗವಸು ಕೊಟ್ಟೆ, ಬೆರೆಂಡನ ಹಲ್ಲಿನ ಮೇಲೆ ನಾಲ್ಕು ಸಾಲು ಬರೆದೆ. ಚೆನ್ನಾಗಿಯೇ ನಕ್ಕಳು.

ಅವಳು ಕೊಟ್ಟ ಪೊಟ್ಟಣದಲ್ಲಿ ಒಂದು ಬಕೀಟು, ಒಂದು ಕುಂಚ. ಪದ್ಯವನ್ನು ಇಲ್ಲಿ ಇಳಿಸಿಡುತ್ತೇನೆ, ಪದ್ಯವಾಗಿ ಅದು ಕೆಟ್ಟದ್ದಲ್ಲ ಎಂಬ ಕಾರಣಕ್ಕೆ.

ಶನಿವಾರ ಬಂತೆಂದರೆ ಎಲ್ಟ್ಯೋನ ಪಂಪು,
ಜೇಡಿಗೆ ಏಟು, ಮೋಟರಿಗೆ ತಂಪು.
ನೆಗಡಿ ಹತ್ತಿದ ಬೇರಿಂಗು ಕೆಮ್ಮೀತು,
ರಾಜಧಾನಿಯವರೆಗೆ ಕಾಗದ ಹೋದೀತು.
ಎದುರಿಗೆ ಕಾಯಿ ಬಂದರೆ ಹೊಡೆಯಲೇಬೇಕು,
ಹಲಗೆಗದು ಕಟ್ಟು, ನಿನಗದೇಕೆ ಬೇಕು?

ಗಟ್ಟಿಯಾಗಿ ಓದಿದೆ. ಡಾಮ್ ಆಟದಲ್ಲಿ ಹಾಗೆಯೇ: ಹೊಡೆಯಲು ಸಿಕ್ಕ ಕಾಯಿಯನ್ನು ಹೊಡೆಯದೆ ಬಿಡುವಂತಿಲ್ಲ. ಅದಕ್ಕೇ ಚತುರರು ಒಂದು ಕಾಯಿಯನ್ನು ಬೇಕೆಂದೇ ಮುಂದೆ ತಳ್ಳುತ್ತಾರೆ.

“ಸಂತನಿಗೆ ಯಾರೋ ತಪ್ಪು ಸುದ್ದಿ ಕೊಟ್ಟಿದ್ದಾರೆ,” ಅಂದೆ.

“ಸಂತ ಅಡುಗೆಮನೆ ಕಿಟಕಿಯಿಂದ ಪ್ರತಿ ಶನಿವಾರ ನೋಡ್ತಿರ್ತಾನೆ ಕಣೋ.”

“ಅಪ್ಪ ಒಪ್ಪಿಕೊಂಡು ಏನಾಯ್ತು ಗೊತ್ತಲ್ಲ.”

“ಗೊತ್ತು. ನಾನೂ ಅದೇ ಮನೆಯಲ್ಲಿ ಇದೀನಿ. ಗೋಡೆ ವಿಷಯದಲ್ಲಿ ನಾವು ಸರಿ ಇದ್ವಿ, ಸಾಯೋವರೆಗೂ ಹೇಳೋಣ. ಆದ್ರೆ ಎಲ್ಟ್ಯೋ, ಇದು ಗೋಡೆ ಅಲ್ಲ. ಇದು ಒಂದು ಬೇರಿಂಗು. ನಂಗೆ ಹದಿನೇಳನೇ ತಾರೀಕು ಲುಟ್ಟರ್‌ಸೈಲಲ್ಲಿ ಇರ್ಬೇಕು.”

ಮಸಾಲೆ ಬಿಸ್ಕತ್ತು ತಿಂದೆವು. ಬಕೀಟು ಗಟ್ಟಿಯಾದದ್ದು.

ಡಿಸೆಂಬರ್ 6, ಶುಕ್ರವಾರ

ಬೆಳಿಗ್ಗೆ ರೆನ್ಸ್ಕೆಯ ಅಂಗಡಿಗೆ ಹೋದೆ. ಬಾಗಿಲು ತೆಗೆಯುವ ಮುಂಚೆಯೇ ಹೋಗಿದ್ದೆ ಎಂದು ಕಾಣುತ್ತದೆ, ಹೊರಗೆ ನಿಲ್ಲಬೇಕಾಯಿತು.

“ಪಂಪು ಹೊಡೀತಿದ್ದೆ,” ಅಂದೆ. “ಪ್ರತಿ ಶನಿವಾರ. ಹತ್ತಿರದಿಂದ.”

ಅವಳು ಗಾಡಿಯನ್ನು ಒಳಗೆ ತಳ್ಳಿಕೊಂಡಳು. “ಬೀಟ್ ಕೀಳೋ ಕಾಲದಲ್ಲಿ ನನ್ ಅಂಗಡಿಗೆ ಬರೋ ಮೋಟರೆಲ್ಲ ಹಿಂಗೇ ಸಾಹೇಬ್ರೇ. ನಮ್ಮೂರೋರಿಗೆ ಜೇಡಿ ಕಂಡ್ರೆ ಪಂಪು ಕೈಗೆ ಬಂದ್ಬಿಡತ್ತೆ. ಎಲ್ರೂ ಬಕೀಟು ಅಂತಾರೆ. ನಿಜ ಹೇಳಿದೋರು ನೀವು ಎರಡನೆಯೋರು.”

“ಮೊದಲನೆಯವರು?”

“ನಾನು.”

ಬೇರಿಂಗು ಬರಲು ಒಂದು ವಾರ. ಬಿಚ್ಚುವಾಗ ನಿಂತು ನೋಡಿದೆ. ಒಳಗೆಲ್ಲ ತುಕ್ಕಿನ ಗಂಜಿ. ಸೀಲು ಕಾಗದದಷ್ಟು ತೆಳುವಾಗಿತ್ತು ಎಂಬುದನ್ನೂ ಗಮನಿಸಿದೆ. ಅದರ ಬಗ್ಗೆ ಕಂಪನಿಗೆ ಹೇಳಲು ನನ್ನ ಬಳಿ ಮಾತಿದೆ.

ಡಿಸೆಂಬರ್ 10, ಮಂಗಳವಾರ

ಈ ವಾರ ಆಟವಿಲ್ಲ. ಸ್ವಾಂತ್ಯೆಗೆ ಅಭ್ಯಾಸಕ್ಕೆ ಎದುರಾಳಿ ಬೇಕಾಗಿತ್ತು, ನಾನು ಕೂತೆ. ಊಟಕ್ಕೆ ಮುಂಚೆ ಐದು ಸಲ ಸೋತೆ. ಹಸಿರು ಬಟಾಣಿಯ ಸಾರು ತಳ ಹಿಡಿಯಿತು, ಇಬ್ಬರಿಗೂ ವಾಸನೆ ಬರಲಿಲ್ಲ.

ಡಿಸೆಂಬರ್ 12, ಗುರುವಾರ

ಕಂಪನಿಯಿಂದ ಕಾಗದ ಬಂತು. ತಜ್ಞ ಬರುತ್ತಾನಂತೆ, ಮನೆಗೇ, ನಾನು ಕೇಳಿದ ಹಾಗೆಯೇ. ಕಾಗದಕ್ಕೆ ಬೆಲೆಯಿಲ್ಲ ಎನ್ನುವವರು ಇದನ್ನು ನೋಡಬೇಕು. ಪಂಪಿನ ಮಾತನ್ನು ನಾನೇ ಮೊದಲು ಹೇಳಿ, ಆಮೇಲೆ ಆ ತೆಳು ಸೀಲನ್ನು ಅವನ ಅಂಗೈಯಲ್ಲಿಡುತ್ತೇನೆ. ಬರುವುದು ಹದಿನೇಳು, ಮಂಗಳವಾರ, ಮಧ್ಯಾಹ್ನ. ಬೇರೆ ದಿನ ಕೊಡಿ ಎಂದು ನಾಳೆ ಫೋನು ಮಾಡಬೇಕು.

ಡಿಸೆಂಬರ್ 14, ಶನಿವಾರ

ಗಾಡಿ ಬಂತು. ಸೇತುವೆಯವರೆಗೆ ಹೋಗಿ ಬಂದೆವು. ಸದ್ದಿಲ್ಲ. ಟೈರು ರಸ್ತೆಗೆ ತಾಗುವ ಸದ್ದು, ಕಾಲುವೆಯಲ್ಲಿ ಬಾತುಗಳು. ಸ್ವಾಂತ್ಯೆ ಅತ್ತ ಇತ್ತ ಕೈ ತೋರಿಸುತ್ತ ಯಾರ್‍ಯಾರ ಹೊಲದಲ್ಲಿ ಇನ್ನೂ ಬೀಟ್ ಇದೆ, ಯಾರ ಗೋಡೆಗೆ ಊರುಗೋಲು ತೆಗೆದರು ಎಂದೆಲ್ಲ ಹೇಳಿದಳು. ಅವಳು ಮೊದಲಿಂದಲೂ ದಾರಿಯಲ್ಲಿ ಇಷ್ಟು ಮಾತಾಡುತ್ತಿದ್ದಳೇ ಎಂದು ಕೇಳಿದೆ. “ಎರಡು ವರ್ಷದಿಂದ,” ಅಂದಳು.

ಬಂದು ಕುಂಚದಿಂದ ಜೇಡಿ ತೆಗೆದೆ. ಬೆಳಗಿನ ಹೊತ್ತೆಲ್ಲ ಹಿಡಿಯಿತು. ಅವಳು ಬಾಗಿಲಲ್ಲಿ ಕೂತು ಎಲ್ಲಿ ಬಿಟ್ಟಿದ್ದೇನೆಂದು ತೋರಿಸುತ್ತಿದ್ದಳು.

ಡಿಸೆಂಬರ್ 17, ಮಂಗಳವಾರ

ಎದುರುಗಾಳಿ ಜೋರಿತ್ತು, ಮೋಟರು ಉಸಿರೆತ್ತಲಿಲ್ಲ. ಕಾಲು ಗಂಟೆ ಮುಂಚೆಯೇ ಮುಟ್ಟಿದೆವು. ಕಾಫಿ ಅಂಗಡಿಗೆ ಹೋಗದೆ ನಾನೂ ಒಳಗೇ ಕೂತೆ. ಗೋಡೆಯ ಪಕ್ಕ ಒಂದು ಬೆಂಚಿದೆ, ಅಲ್ಲಿಂದ ಹಲಗೆ ಚೆನ್ನಾಗಿ ಕಾಣುತ್ತದೆ.

“ಮೋಯ್. ಗಾಡಿ ಸದ್ದೇ ಇಲ್ಲ, ನಡ್ಕೊಂಡು ಬಂದ್ರಾ?” ಅಂದ ಬೆರೆಂಡ್.

“ಕೂತ್ಕೋ,” ಅಂದಳು ಸ್ವಾಂತ್ಯೆ.

ಎರಡು ಗಂಟೆ ಆಟ ನಡೆಯಿತು. ಮೂವತ್ತನೆಯ ನಡೆಯ ಹತ್ತಿರ ಅವಳು ಒಂದು ಕಾಯಿಯನ್ನು ಮುಂದೆ ತಳ್ಳಿದಳು. ಬೆರೆಂಡ್ ಬಹಳ ಹೊತ್ತು ನೋಡಿದ. ಹೊಡೆಯಲೇಬೇಕಿತ್ತು, ಹೊಡೆದ. ಇನ್ನೊಂದನ್ನು ತಳ್ಳಿದಳು. ಅದನ್ನೂ ಹೊಡೆದ, ಆದರೆ ಆಗ ಅವನ ಕಿವಿ ಕೆಂಪಾಗಿತ್ತು. ನನಗೂ ಕಂಡಿತು. ಹೋದ ಮಂಗಳವಾರ ಐದು ಸಲ ನನ್ನನ್ನು ಹಾಗೇ ಕೊಂದಿದ್ದಳು. ಅವಳ ಒಂದು ಕಾಯಿ ಎದ್ದು ಅವನ ನಾಲ್ಕು ಕಾಯಿಗಳ ಮೇಲೆ ಹಾರಿ ಅವನ ಕೊನೆಯ ಸಾಲಿನಲ್ಲಿ ಕೂತಿತು.

ಬೆರೆಂಡ್ ಎದ್ದು ಕೈ ಕೊಟ್ಟ. ಹಲಗೆಯನ್ನು ಇನ್ನೊಮ್ಮೆ ನೋಡಿ, “ಇನ್ನೂ ಕೆಟ್ಟದಾಗಿ ಆಡಬಹುದಿತ್ತು,” ಅಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸ್ವಾಂತ್ಯೆ ಕಾಯಿಗಳನ್ನು ಡಬ್ಬಿಗೆ ತುಂಬಿದಳು.

ಬರುವಾಗ ಗಾಳಿ ಬೆನ್ನಿಗಿತ್ತು. ಅವಳ ಮಾತು ಮುಂದಕ್ಕೆ ಹಾರಿ ಹೋಗುತ್ತಿತ್ತು, ಹಾಗಾಗಿ ವೇಗ ತಗ್ಗಿಸಿ, ಅವಳ ಭುಜದವರೆಗೆ ಬಗ್ಗಿ ತುಳಿದೆ. ಮೊದಲ ನಡೆಯಿಂದ ಶುರುಮಾಡಿದ್ದಳು. ಮನೆ ಬಂದಾಗ ಇಪ್ಪತ್ತಾರನೆಯದರಲ್ಲಿದ್ದಳು, ಅದಕ್ಕೇ ಇನ್ನೊಂದು ಸುತ್ತು ಇಗರ್ಜಿಯವರೆಗೆ ಹೋಗಿ ಬಂದೆವು.

ಬಾಗಿಲಡಿ ಒಂದು ಚೀಟಿ ಬಿದ್ದಿತ್ತು. ಬೇರೆ ದಿನ ಕೇಳಲು ಫೋನು ಮಾಡುವುದು ನನಗೆ ಮರೆತೇ ಹೋಗಿತ್ತು. ಕಂಪನಿಯ ತಜ್ಞ ಮೂರು ಗಂಟೆಗೆ ಬಂದಿದ್ದನಂತೆ, ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಹೊಸ ದಿನ ಗೊತ್ತುಮಾಡಲು ಒಂದು ಫೋನು ಸಂಖ್ಯೆ ಇದೆ. ಚೀಟಿ ಸ್ವಾಂತ್ಯೆಯ ಹತ್ತಿರ ಇದೆ. ಅದರ ಹಿಂಬದಿಯಲ್ಲಿ ಮೂವತ್ತನೆಯ ನಡೆಯ ಹಲಗೆಯನ್ನು ಬರೆಯುತ್ತಿದ್ದಾಳೆ. ಬೆರೆಂಡ್ ಅದಕ್ಕಿಂತ ಒಂದು ನಡೆ ಮೊದಲು ಎಡಗಡೆಯ ಕಾಯಿ ತಳ್ಳಿದ್ದರೆ ತಾನು ಸೋಲುತ್ತಿದ್ದೆ ಅನ್ನುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಊಟವಾದ ಮೇಲೆ ಹಲಗೆ ಹಾಕಿ ನೋಡುತ್ತೇವೆ.